ಮೊಹರು ಯಾರದು, ಮಾತು ಯಾರದು?

ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ಒಂದು ವಿಚಿತ್ರ ಅನುಭವ ಆಗುತ್ತಿರುತ್ತದೆ. ನಲವತ್ತು ಮಕ್ಕಳು, ನಲವತ್ತು ಕೈಬರಹ, ಉತ್ತರ ಮಾತ್ರ ಒಂದೇ. ಔರಾದ್ ಕಡೆಯ ತಾಂಡಾದಿಂದ ಬರುವ ಹುಡುಗಿ, ಬೀದರಿನ ಹಳೆ ಶಹರದ ಹುಡುಗ, ಭಾಲ್ಕಿಯ ಅಡತಿ ಅಂಗಡಿಯವರ ಮಗಳು ಮೂವರೂ ಆರ್. ಕೆ. ನಾರಾಯಣರ ಸ್ವಾಮಿಯ ಬಗ್ಗೆ ಅದೇ ನಾಲ್ಕು ವಾಕ್ಯ ಬರೆದಿರುತ್ತಾರೆ. ಸ್ವಾಮಿ ಧೈರ್ಯವಂತ, ಸ್ವಾಮಿ ಕಳ್ಳನನ್ನು ಹಿಡಿದ, ಎಲ್ಲರೂ ಅವನನ್ನು ಹೊಗಳಿದರು, ನಾವೂ ಸ್ವಾಮಿಯಂತೆ ಧೈರ್ಯವಂತರಾಗಬೇಕು. ಸ್ಪೆಲಿಂಗ್ ತಪ್ಪು ಕೂಡ ಎಲ್ಲರದೂ ಒಂದೇ ಕಡೆ ಬಿದ್ದಿದ್ದರೆ, ಮೂಲ ಯಾವ ಗೈಡು ಎಂದು ಕಣ್ಣುಮುಚ್ಚಿ ಹೇಳಬಹುದು.

ಮಕ್ಕಳನ್ನು ದೂರುವುದು ನನ್ನ ಉದ್ದೇಶವಲ್ಲ. ಪಾಪ, ಅವರು ನಸುಕಿನಲ್ಲೆದ್ದು ಬಾಯಿಪಾಠ ಮಾಡಿದ್ದಾರೆ. ಗೈಡು ಬರೆದವರೂ ಹೊಟ್ಟೆಪಾಡಿಗೆ ಬರೆದಿದ್ದಾರೆ. ನನ್ನ ತಕರಾರು ಬೇರೆ. ಒಂದು ಕಥೆಯನ್ನು ನಲವತ್ತು ಜೊತೆ ಕಣ್ಣುಗಳು ಓದಿವೆ. ಒಬ್ಬರಾದರೂ ತಮಗೆ ಕಂಡದ್ದನ್ನು ಹೇಳಿಲ್ಲ. ಹತ್ತನೆಯ ಇಯತ್ತೆಯಲ್ಲಿ ಹತ್ತಿದ ಈ ರೂಢಿ ಪಿಯುಸಿಯಲ್ಲಿ ಗಟ್ಟಿಯಾಗುತ್ತದೆ. ಡಿಗ್ರಿಗೆ ಬರುವ ಹೊತ್ತಿಗೆ, "ಈ ಪದ್ಯ ಓದಿ ನಿನಗೇನು ಅನಿಸಿತು?" ಎಂದು ಕೇಳಿದರೆ ಹುಡುಗಿ ಬೆವರುತ್ತಾಳೆ. "ನಂಗೇನೂ ಅನಿಸಿಲ್ರಿ ಮೇಡಂ, ನೋಟ್ಸ್ ಕೊಡ್ರಿ" ಎನ್ನುತ್ತಾಳೆ. ಹದಿನೆಂಟು ವರ್ಷದ ಹುಡುಗಿಗೆ ಏನೂ ಅನಿಸಲಿಲ್ಲ ಎಂದರೆ ನಂಬುವುದು ಹೇಗೆ? ಅನಿಸಿರುತ್ತದೆ. ಅನಿಸಿದ್ದಕ್ಕೆ ಬೆಲೆಯಿಲ್ಲ ಎಂದು ಆಕೆಗೆ ಯಾರೋ ಕಲಿಸಿದ್ದಾರೆ.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಜಿಲ್ಲೆಯಲ್ಲಿ ಗೊತ್ತಿಲ್ಲದವರು ಕಡಿಮೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾಗಿದ್ದಾಗ ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ಬೀದರ್ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಯವರೆಗೆ ಇಲ್ಲಿ ಕನ್ನಡದ ದೀಪ ಆರದಂತೆ ನೋಡಿಕೊಂಡವರಲ್ಲಿ ಅವರು ಮುಖ್ಯರು. ಬೋರ್ಡು ಪರರದಾಗಿತ್ತು, ಒಳಗಿನ ಮಾತು ನಮ್ಮದಾಗಿತ್ತು. ಈಗಿನ ಉತ್ತರಪತ್ರಿಕೆ ಅದಕ್ಕೆ ಪೂರಾ ತಿರುವುಮುರುವು. ಮೇಲಿನ ಹೆಸರು ಮಗುವಿನದು, ಒಳಗಿನ ಮಾತು ಯಾರದೋ. ಈಚೆಗೆ ಗೈಡಿನ ಜಾಗಕ್ಕೆ ಫೋನು ಬಂದಿದೆ. ಪ್ರಶ್ನೆ ಹಾಕಿದರೆ ಚಹಾ ಆರುವುದರೊಳಗೆ ಪೂರ್ತಿ ಪ್ರಬಂಧವನ್ನೇ ಬರೆದುಕೊಡುತ್ತದೆ, ಸ್ಪೆಲಿಂಗ್ ತಪ್ಪೂ ಇರುವುದಿಲ್ಲ. ಹೀಗಿರುವಾಗ ಮಗು ತಾನೇ ಕೂತು ಯಾಕೆ ಬರೆಯಬೇಕು? ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಬೇಕು. ನನಗೆ ತಿಳಿದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಇಂಗ್ಲಿಷ್ ತರಗತಿಯಲ್ಲಿ ಕೇಳುವ ಸಾಹಿತ್ಯ ವಿಶ್ಲೇಷಣೆಯ ಪ್ರಬಂಧ ಎಂದರೇನು? ಅದು ಕಥೆಯ ಸಾರಾಂಶವಲ್ಲ. ಕಥೆಯಲ್ಲಿ ಏನಾಯಿತೆಂದು ಹೇಳಲು ಕಥೆಗಾರನೇ ಇದ್ದಾನೆ, ಅವನಿಗಿಂತ ಚೆನ್ನಾಗಿ ನಾವು ಹೇಳಲಾರೆವು. ಅದು ಹೊಗಳಿಕೆಯೂ ಅಲ್ಲ. ಮಹಾಕವಿ, ಅಮೋಘ, ಅದ್ಭುತ ಎಂಬ ಮಾತುಗಳು ಹಾರ ಹಾಕುವಾಗ ಚೆಂದ. ಉತ್ತರದಲ್ಲಿ ಬಂದರೆ ಜಾಗ ತಿನ್ನುತ್ತವೆ. ಕವಿ ಯಾವ ಊರಲ್ಲಿ ಹುಟ್ಟಿದ, ಎಷ್ಟು ಪ್ರಶಸ್ತಿ ಪಡೆದ ಎಂಬುದೂ ಅಲ್ಲ. ಓದಿದ ಬರಹದಲ್ಲಿ ನನಗೆ ಒಂದು ಸಂಗತಿ ಕಂಡಿತು. ಅದು ಇಂಥ ಕಡೆ ಕಂಡಿತು. ಅದರಿಂದ ಬರಹದ ಅರ್ಥ ಹೀಗೆ ತಿರುಗುತ್ತದೆ. ಇಷ್ಟನ್ನು ಆಧಾರ ಕೊಟ್ಟು ಒಪ್ಪಿಸುವುದೇ ಆ ಪ್ರಬಂಧ.

ಇದು ದೊಡ್ಡ ಕಾಲೇಜಿನವರ ವಿದ್ಯೆ ಎಂದು ಅಂಜಬೇಕಾಗಿಲ್ಲ. ರಾತ್ರಿ ಧಾರಾವಾಹಿ ನೋಡಿ, ಮರುದಿನ ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಾಗ ನಮ್ಮ ಹೆಂಗಸರು ಆಡುವ ಮಾತು ಕೇಳಿ. "ಆ ಸೊಸಿ ನಕ್ಕಳಲ್ಲ, ಅದು ಖುಷಿ ನಗಿ ಅಲ್ರಿ." "ಹೆಂಗ ಅಂತಿ?" "ಅತ್ತಿ ಚಾವಿ ಕೊಡೋ ಮುಂದ ಆಕಿ ಕೈ ಒಂದ್ ಗಳಿಗಿ ಹಿಂದ ಸರೀತು, ನೋಡಿಲ್ಲೇನು?" ಇಲ್ಲಿ ಒಂದು ಅಭಿಪ್ರಾಯವಿದೆ, ಅದನ್ನು ಪ್ರಶ್ನಿಸುವವರಿದ್ದಾರೆ, ಆಧಾರ ತೋರಿಸಿ ಕೊಟ್ಟ ಉತ್ತರವಿದೆ. ಒಳ್ಳೆಯ ವಿಮರ್ಶೆಯ ಮೂರು ಅಂಗಗಳೂ ಬಂದವು. ಇದೇ ಮನೆಯಲ್ಲಿ ಬೆಳೆದ ಹುಡುಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ಕೂತ ಕೂಡಲೇ ತನಗೆ ವಿಚಾರ ಮಾಡಲು ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಆಕೆಗೆ ಬಾರದಿರುವುದು ಇಂಗ್ಲಿಷ್ ಇರಬಹುದು. ವಿಚಾರ ಚೆನ್ನಾಗಿಯೇ ಬರುತ್ತದೆ.

ಈಗ ಸ್ವಾಮಿಯ ಕಥೆಯನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದ ಮೂಲಕ ಎಷ್ಟೋ ವರ್ಷ ನಮ್ಮ ಮಕ್ಕಳು ಓದಿದ ಕಥೆ ಇದು, 'ಎ ಹೀರೋ'. ಪುಸ್ತಕ ಓದದವರಿಗೂ 1980ರ ದಶಕದಲ್ಲಿ ಶಂಕರ್‌ನಾಗ್ ಮಾಡಿದ 'ಮಾಲ್ಗುಡಿ ಡೇಸ್' ನೆನಪಿರುತ್ತದೆ. ಅದರಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡರು ಅವನ ಅಪ್ಪ, ವೈಶಾಲಿ ಕಾಸರವಳ್ಳಿ ಅವನ ಅಮ್ಮ. ಕಥೆ ಇಷ್ಟು. ಹಳ್ಳಿಯ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ಓದಿ ಹೇಳುತ್ತಾನೆ. ಅಂಥವನು ಹುಡುಗ ಇರಲಿಕ್ಕಿಲ್ಲ, ಬಲಶಾಲಿ ದೊಡ್ಡವನೇ ಇರಬೇಕು ಎಂದು ಸ್ವಾಮಿ ವಾದಿಸುತ್ತಾನೆ. ಬಲ, ವಯಸ್ಸು ಮುಖ್ಯವಲ್ಲ, ಧೈರ್ಯವೇ ಎಲ್ಲ ಎನ್ನುತ್ತಾನೆ ಅಪ್ಪ. ಹಾಗಿದ್ದರೆ ನಿನ್ನ ಧೈರ್ಯ ತೋರಿಸು ಎಂದು, ಅಜ್ಜಿಯ ಪಕ್ಕದಲ್ಲಿ ಮಲಗುವ ಹುಡುಗನನ್ನು ಒಂಟಿಯಾಗಿ ತನ್ನ ಆಫೀಸು ಕೋಣೆಯಲ್ಲಿ ಮಲಗಿಸುತ್ತಾನೆ. ರಾತ್ರಿ ಕತ್ತಲಲ್ಲಿ ಏನೋ ಸರಿದಾಡಿದಂತಾಗುತ್ತದೆ. ಬೆಂಚಿನ ಕೆಳಗೆ ಮುದುಡಿದ್ದ ಹುಡುಗ, ಸತ್ತೇಹೋದೆ ಎಂದು ಆ ಆಕೃತಿಯ ಕಾಲನ್ನು ಕಚ್ಚಿಬಿಡುತ್ತಾನೆ. ಅದು ಕಳ್ಳ. ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿಗೇ ಹೀರೋ. ಅಂದು ರಾತ್ರಿ ಅವನು ಅಪ್ಪ ಬರುವುದಕ್ಕಿಂತ ಮೊದಲೇ ಹೋಗಿ ಅಜ್ಜಿಯ ಪಕ್ಕ ಮಲಗಿಬಿಡುತ್ತಾನೆ.

ಗೈಡಿನ ಉತ್ತರ ಇಲ್ಲಿ ಅಪ್ಪನ ಪಕ್ಷ. ಧೈರ್ಯವಿದ್ದರೆ ಸಾಕು, ನೋಡಿ ಸ್ವಾಮಿ ಗೆದ್ದ ಎನ್ನುತ್ತದೆ. ಆದರೆ ಆ ಕೋಣೆಯೊಳಗೆ ಏನಾಯಿತೆಂದು ನಮಗೆ ಗೊತ್ತಿದೆ. ಊರಿನವರಿಗೆ ಗೊತ್ತಿಲ್ಲ. ಅವನು ಕಚ್ಚಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ. ಇದನ್ನು ಕಂಡುಹಿಡಿದ ಮಗು ಒಂದು ಮೆಟ್ಟಿಲು ಏರಿತು. ಔರಾದ್ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಇನ್ನೊಂದು ಮೆಟ್ಟಿಲು ಏರಿದಳು. ಮನೆಮಾತು ಮರಾಠಿ, ತರಗತಿಯಲ್ಲಿ ಮೂಲೆ ಹಿಡಿದು ಕೂರುವವಳು. "ಮೇಡಂ, ಆ ಹುಲಿ ಹುಡುಗ ಮರ ಏರಿದ್ದು ಧೈರ್ಯಕ್ಕೋ ಅಂಜಿಕಿಗೋ ಅಂತ ಪೇಪರಿನವರು ಅವನ್ನ ಕೇಳ್ಯಾರೇನ್ರಿ?" ಎಂದಳು.

ನಾನು ಸೀಮೆಸುಣ್ಣ ಕೆಳಗಿಟ್ಟು ಆಕೆಯ ಮಾತನ್ನೇ ಮುಂದುವರಿಸಿದೆ. ಕಥೆಯ ಆರಂಭದಲ್ಲಿ ಒಬ್ಬ ಹೀರೋನ ಸುದ್ದಿ ಇದೆ. ಆ ಹುಡುಗ ಅರ್ಧ ದಿನ ಮರದ ಮೇಲೆ ಕೂತಿದ್ದ, ಹುಲಿಯನ್ನು ಕೊಂದವರು ದಾರಿಯಲ್ಲಿ ಬಂದ ಬೇರೆ ಜನ ಎಂಬ ವಿವರವೂ ಅದೇ ಸುದ್ದಿಯಲ್ಲಿದೆ. ಕಥೆಯ ಕೊನೆಯಲ್ಲಿ ಇನ್ನೊಬ್ಬ ಹೀರೋ ತಯಾರಾಗುತ್ತಾನೆ, ಈ ಸಲ ನಮ್ಮ ಕಣ್ಣೆದುರಿಗೇ. ಹೀರೋಗಳು ಹೇಗೆ ತಯಾರಾಗುತ್ತಾರೆಂದು ಎರಡನೆಯದರಲ್ಲಿ ನೋಡಿದ ಮೇಲೆ, ಮೊದಲನೆಯದರ ಮೇಲೂ ಅನುಮಾನ ಬರುತ್ತದೆ. ಆ ಹುಲಿ ಹುಡುಗನೂ ಆ ರಾತ್ರಿ ತನ್ನ ಅಜ್ಜಿಯ ಪಕ್ಕದಲ್ಲಿ ಮಲಗಿರಬಹುದಲ್ಲ! ನಾರಾಯಣರ ಕಥೆ ಧೈರ್ಯದ ಪಾಠ ಹೇಳುತ್ತಿಲ್ಲ, ಧೈರ್ಯದ ಸುದ್ದಿಯನ್ನು ನೋಡಿ ಮೆಲ್ಲಗೆ ನಗುತ್ತಿದೆ. ಈ ಅರ್ಥಕ್ಕೆ ದಾರಿ ತೆರೆದದ್ದು ಒಂದು ಮಗುವಿನ ಪ್ರಶ್ನೆ.

ಇಲ್ಲಿ ತಾಯಂದಿರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಥೆಯ ಕೊನೆಗೆ ಸಿಟ್ಟಾಗುವುದು ಅಮ್ಮ. ಊರೆಲ್ಲ ಹೊಗಳಿದ ಪರೀಕ್ಷೆಯನ್ನು ಮಗನ ಪ್ರಾಣಕ್ಕೆ ಒಡ್ಡಿದ ಅಪಾಯ ಎಂದು ಅದರ ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ. ಅಪ್ಪ ಗೊಣಗುತ್ತ ಒಳಗೆ ಹೋಗುತ್ತಾನೆ. ಕಂಬಳಿಯೊಳಗಿಂದ ಎಲ್ಲವನ್ನೂ ಕೇಳಿಸಿಕೊಂಡ ಸ್ವಾಮಿಗೆ ಅಪ್ಪ ತನ್ನ ಕೈಬಿಟ್ಟನಲ್ಲ ಎಂದು ಹಾಯೆನಿಸುತ್ತದೆ. ಈ ಅಮ್ಮನ ಬಗ್ಗೆ ಒಂದು ಪುಟ ಬರೆಯಬಹುದು. ಗೈಡಿನ ಪ್ರಶ್ನೆಗಳ ಪಟ್ಟಿಯಲ್ಲಿ ಆಕೆಗೆ ಜಾಗ ಸಿಗುವುದು ಅಪರೂಪ.

ಉತ್ತರ ತಿದ್ದುವಾಗ ನಾನು ಒಂದು ಸಣ್ಣ ಲೆಕ್ಕ ಇಡುತ್ತೇನೆ. 'ದೆನ್' ಎಂಬ ಪದ ಎಷ್ಟು ಸಲ ಬಂದಿದೆ, 'ಬಿಕಾಸ್' ಎಷ್ಟು ಸಲ ಬಂದಿದೆ? ಆಮೇಲೆ ಹೀಗಾಯಿತು, ಆಮೇಲೆ ಹಾಗಾಯಿತು ಎಂದು 'ದೆನ್' ತುಂಬಿದ್ದರೆ ಅದು ಕಥಾಸಾರ. ಯಾಕೆಂದರೆ ಎಂಬ 'ಬಿಕಾಸ್' ಬಂದ ಕಡೆ ಮಗು ವಿಚಾರ ಮಾಡಿದೆ. ಇಡೀ ಪುಟದಲ್ಲಿ ಒಂದೂ 'ಬಿಕಾಸ್' ಇಲ್ಲದಿದ್ದರೆ, ಇಂಗ್ಲಿಷ್ ಎಷ್ಟೇ ನುಣುಪಾಗಿರಲಿ, ಅದು ವಿಮರ್ಶೆಯಾಗಿಲ್ಲ.

ಎರಡನೆಯದು, ಪ್ರಬಂಧದ ಮೊದಲ ಮಾತು. ಅದು ಯಾರಾದರೂ 'ಇಲ್ಲ' ಎನ್ನಬಹುದಾದ ಮಾತಾಗಿರಬೇಕು. ಸ್ವಾಮಿ ಒಬ್ಬ ಹುಡುಗ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಹಾಗಾಗಿ ಅದನ್ನು ಸಾಧಿಸುವ ಅಗತ್ಯವೂ ಇಲ್ಲ. ಸ್ವಾಮಿಯನ್ನು ಹೀರೋ ಮಾಡಿದ್ದು ಅವನ ಅಂಜಿಕೆ ಎಂದರೆ ಕೇಳುವವರು ತಲೆ ಎತ್ತುತ್ತಾರೆ, ತೋರಿಸು ಎನ್ನುತ್ತಾರೆ. ಆ 'ತೋರಿಸು' ಎಂಬ ಒತ್ತಾಯದಿಂದಲೇ ಪ್ರಬಂಧ ಮುಂದೆ ನಡೆಯುತ್ತದೆ.

ಮೂರನೆಯದು, ಆಧಾರ. ಇದನ್ನು ಕಲಿಯಲು ಬೀದರಿನ ಮಕ್ಕಳು ದೂರ ಹೋಗಬೇಕಾಗಿಲ್ಲ, ಬಿದ್ರಿ ಕೆಲಸ ಮಾಡುವವರ ಮುಂದೆ ಅರ್ಧ ತಾಸು ನಿಂತರೆ ಸಾಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಅವರು ಮೊದಲು ಉಳಿಯಿಂದ ಗೆರೆ ಕೊರೆಯುತ್ತಾರೆ. ಆ ಗೆರೆಗೆ ಬೇಕಾದಷ್ಟೇ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಗಿಮಾಡುತ್ತಾರೆ. ಕೊನೆಗೆ ಕೋಟೆಯ ಮಣ್ಣಿನ ನೀರಿನಲ್ಲಿ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಥೆಯಿಂದ ಎತ್ತಿದ ಸಾಲನ್ನೂ ಹೀಗೆಯೇ ಕೂರಿಸಬೇಕು. ಏನು ತೋರಿಸುತ್ತೇನೆಂದು ಮೊದಲು ಹೇಳಬೇಕು, ಅದು ಗೆರೆ ಕೊರೆದಂತೆ. ಬೇಕಾದ ನಾಲ್ಕು ಪದಗಳನ್ನಷ್ಟೇ ಎತ್ತಬೇಕು, ಅದು ಬೆಳ್ಳಿ. ಆ ಪದಗಳು ನನ್ನ ಮಾತನ್ನು ಹೇಗೆ ಹಿಡಿದು ನಿಲ್ಲಿಸುತ್ತವೆ ಎಂದು ಬಿಡಿಸಿ ಹೇಳಬೇಕು, ಅದು ಸುತ್ತಿಗೆಯ ಪೆಟ್ಟು. ನಮ್ಮ ಮಕ್ಕಳು ಇಡೀ ಪ್ಯಾರಾವನ್ನೇ ತಂದು ಉತ್ತರದ ನಡುವೆ ಅಂಟಿಸುತ್ತಾರೆ. ಗೆರೆಯಿಲ್ಲದೆ ಅಂಟಿಸಿದ ಬೆಳ್ಳಿ ಎಷ್ಟು ದಿನ ನಿಂತೀತು?

ನಾಲ್ಕನೆಯದು, ಎದುರು ಮಾತಿಗೆ ಜಾಗ ಕೊಡುವುದು. ಇದಕ್ಕೆ ರಸ್ಕಿನ್ ಬಾಂಡ್ ಅವರ ಒಂದು ಪದ್ಯ ಒಳ್ಳೆಯ ಉದಾಹರಣೆ. ಅದರ ಅಜ್ಜಿಗೆ ವಯಸ್ಸು ಅರವತ್ತು ದಾಟಿದೆ, ಮರ ಏರುವ ಹುಚ್ಚು ಮಾತ್ರ ಬಿಟ್ಟಿಲ್ಲ. ಒಮ್ಮೆ ಏರಿ ಇಳಿಯಲಾಗದೆ ಕೂತಾಗ ಮನೆಯವರು ಇಳಿಸುತ್ತಾರೆ, ಡಾಕ್ಟರು ಒಂದು ವಾರ ಹಾಸಿಗೆ ಎನ್ನುತ್ತಾರೆ. ಮನೆಯವರಿಗೆ ಹಾಯೆನಿಸುತ್ತದೆ. ಅಜ್ಜಿಗೆ ಮಾತ್ರ ಆ ಹಾಸಿಗೆ ಸೆರೆಮನೆಗಿಂತ ಕಡೆ. ವಾರ ಮುಗಿದ ಮೇಲೆ ಅಜ್ಜಿ ಮಗನಿಗೆ ಹೇಳಿ ಮರದ ಮೇಲೇ ಮನೆ ಕಟ್ಟಿಸಿಕೊಳ್ಳುತ್ತಾಳೆ. ಗೈಡು ಈ ಅಜ್ಜಿಯನ್ನು ತಮಾಷೆಯ ಮುದುಕಿ ಮಾಡಿ ಮುಗಿಸುತ್ತದೆ. ಜಾಣ ಹುಡುಗಿ ಇದು ಮುದುಕಿಯ ಸ್ವಾತಂತ್ರ್ಯದ ಪದ್ಯ ಎಂದು ಬರೆಯುತ್ತಾಳೆ. ಚೆನ್ನಾಗಿದೆ. ಆದರೆ ಪಕ್ಕದ ಹುಡುಗಿ ಕೇಳಬಹುದು: ಮನೆ ಕಟ್ಟಿಕೊಟ್ಟವನು ಮಗ ಅಲ್ಲವೇ? ಅವನು ಒಲ್ಲೆ ಎಂದಿದ್ದರೆ ಸ್ವಾತಂತ್ರ್ಯ ಎಲ್ಲಿ ಉಳಿಯುತ್ತಿತ್ತು?

ಈ ಎದುರು ಮಾತನ್ನು ಕೇಳಿ ಹೆದರಿದ ಪ್ರಬಂಧ ಬಡವಾಗುತ್ತದೆ, ಒಳಗೆ ಕರೆದುಕೊಂಡ ಪ್ರಬಂಧ ಬಲವಾಗುತ್ತದೆ. ಆಗ ಹುಡುಗಿ ಹೀಗೆ ಬರೆಯಬಹುದು: ಪದ್ಯ ಅಜ್ಜಿಯ ಹಕ್ಕನ್ನು ಕೊಂಡಾಡುತ್ತದೆ; ಆ ಹಕ್ಕು ನಡೆಯಬೇಕಾದರೆ ಮನೆಯವರ ಕೈಯೂ ಬೇಕು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದೇ ಹಾಸಿಗೆ ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಸೆರೆ ಎಂದು ಪಕ್ಕಪಕ್ಕದಲ್ಲೇ ಇಟ್ಟು ತೋರಿಸುವ ಕವಿ ಮನೆಯವರ ಪ್ರೀತಿಯನ್ನೂ ಒಂದು ಪ್ರಶ್ನೆಯಾಗಿ ಮಾಡುತ್ತಾನೆ. ಮುದಿ ಅತ್ತೆಯನ್ನೋ ತಾಯಿಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವ ಓದುಗರಿಗೆ ಇದರ ಬಿಸಿ ತಟ್ಟದೆ ಇರದು. ಬಸವಕಲ್ಯಾಣ ಇರುವ ಜಿಲ್ಲೆ ನಮ್ಮದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಆಕೆ ಪ್ರತಿಯೊಂದಕ್ಕೂ ಉತ್ತರ ಕೊಟ್ಟೇ ಮಂಟಪದಲ್ಲಿ ಕೂತಳು. ಎದುರು ಮಾತನ್ನು ದಾಟಿ ಬಂದ ಮಾತಿಗೆ ಮಾತ್ರ ತೂಕ ಎಂಬುದು ನಮಗೆ ಹೊಸ ಪಾಠವೇನಲ್ಲ.

ಇಷ್ಟೆಲ್ಲ ಯಾಕೆ, ಹತ್ತು ಅಂಕದ ಮಾತಿಗೆ ಇಷ್ಟು ದೊಡ್ಡ ಪುರಾಣವೇ ಎಂದು ಕೇಳಬಹುದು. ಅದಕ್ಕೆ ಎರಡು ಪತ್ರಗಳ ಕಥೆ ಹೇಳುತ್ತೇನೆ.

ಮೊದಲನೆಯದು ನಮ್ಮ ಊರಿನದೇ. ಬೀದರಿನಲ್ಲಿ ಇಂದಿಗೂ ನಿಂತಿರುವ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ಸುಲ್ತಾನರ ವಜೀರ. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆನಿಂತವನು. ಆತ ವಿದ್ವಾಂಸ. ಪತ್ರ ಬರೆಯುವ ಕಲೆಯ ಮೇಲೆ ಪಾರಸಿಯಲ್ಲಿ 'ಮನಾಜಿರುಲ್ ಇನ್ಶಾ' ಎಂಬ ಗ್ರಂಥ ರಚಿಸಿದ್ದಾನೆ, ಅವನ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಎಂಬ ಹೆಸರಿನಲ್ಲಿ ಉಳಿದಿದೆ. ಇಂಥವನು ಸತ್ತದ್ದು ಒಂದು ಪತ್ರದಿಂದ. ಫೆರಿಶ್ತಾ ಬರೆದಿಟ್ಟಿರುವಂತೆ, ಅವನಾಗದವರು ಅವನ ಮೊಹರು ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಮಾತು ಬರೆದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮುಹಮ್ಮದ್ ಷಾನ ಮುಂದೆ ಅದನ್ನು ಇಟ್ಟರು. ಮೊಹರು ನನ್ನದು, ಮಾತು ನನ್ನದಲ್ಲ ಎಂದ ಗವಾನ್. ಸುಲ್ತಾನ ಮೊಹರು ನೋಡಿದ; ಮಾತನ್ನು ಪರೀಕ್ಷಿಸಲಿಲ್ಲ. ಇಷ್ಟು ವರ್ಷ ಪತ್ರ ಬರೆದವನ ಶೈಲಿ ಇದೇ ಏನು, ಈ ಮಾತಿಗೆ ಬೇರೆ ಆಧಾರ ಏನು ಎಂದು ಕೇಳಲಿಲ್ಲ. 1481ರಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಬಹಮನಿ ರಾಜ್ಯ ಆಮೇಲೆ ಒಡೆದು ಚೂರಾಯಿತು.

ಎರಡನೆಯ ಪತ್ರ ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ್ದು. ಅದರಲ್ಲಿ ಪೋರ್ಷಿಯಾ ಕರುಣೆಯ ಬಗ್ಗೆ ಆಡುವ ಮಾತನ್ನು ನಮ್ಮ ಮಕ್ಕಳು ಪದ್ಯವೆಂದು ಬಾಯಿಪಾಠ ಮಾಡಿದ್ದಾರೆ. ಕರುಣೆ ದೊಡ್ಡದು ಎಂದು ಬರೆದು ಅಂಕ ಪಡೆಯುತ್ತಾರೆ. ನಾಟಕವನ್ನು ಪೂರ್ತಿ ಓದಿದರೆ ಬೇರೆಯೇ ಕಾಣುತ್ತದೆ. ಆ ಸುಂದರ ಭಾಷಣದಿಂದ ಅಂಟೋನಿಯೋ ಉಳಿಯಲಿಲ್ಲ. ಶೈಲಾಕ್ ಅದನ್ನು ಕೇಳಿಯೂ ಕತ್ತಿ ಮಸೆಯುವುದನ್ನು ಬಿಡಲಿಲ್ಲ. ಅಂಟೋನಿಯೋನನ್ನು ಉಳಿಸಿದ್ದು ಸಾಲಪತ್ರದ ಓದು. 3000 ಡಕೆಟ್ ಸಾಲಕ್ಕೆ ಬರೆದ ಆ ಪತ್ರದಲ್ಲಿ ಒಂದು ಪೌಂಡು ಮಾಂಸ ಎಂದಿದೆ. ರಕ್ತದ ಮಾತು ಎಲ್ಲಿಯೂ ಇಲ್ಲ. ಇದನ್ನು ಕಂಡವಳು ವಕೀಲನ ವೇಷ ತೊಟ್ಟ ಒಬ್ಬ ಹೆಂಗಸು. ದೊಡ್ಡ ದೊಡ್ಡವರು ನೆರೆದಿದ್ದ ಆ ನ್ಯಾಯಸಭೆಯಲ್ಲಿ ಪತ್ರವನ್ನು ಪದ ಪದ ಬಿಡಿಸಿ ಓದಿದವಳು ಅವಳೊಬ್ಬಳು. ಕರುಣೆಯ ಮಾತು ಬಾಯಿಗೆ ಬಂದಷ್ಟು ಸುಲಭವಾಗಿ ಈ ಓದು ಬರುವುದಿಲ್ಲ.

ಒಳ್ಳೆಯ ಪ್ರಬಂಧ ಇಲ್ಲಿಗೂ ನಿಲ್ಲಬಾರದು. ಕರುಣೆಯ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದವಳು ಗೆದ್ದ ಮೇಲೆ ಶೈಲಾಕನಿಗೆ ಎಷ್ಟು ಕರುಣೆ ತೋರಿಸಿದಳು? ಅವನ ಆಸ್ತಿಗೆ ಕೈ ಬಿತ್ತು, ಅವನು ತನ್ನ ಧರ್ಮವನ್ನೇ ಬಿಡಬೇಕಾಯಿತು. ಅದೇ ಜಾಣ ಓದು ಒಬ್ಬನನ್ನು ಉಳಿಸಿತು, ಇನ್ನೊಬ್ಬನನ್ನು ಬರಿಗೈ ಮಾಡಿತು. ಪೋರ್ಷಿಯಾಳನ್ನು ಮೆಚ್ಚುತ್ತಲೇ ಇದನ್ನೂ ಬರೆಯುವ ಧೈರ್ಯ ಮಗುವಿಗೆ ಬರಬೇಕು. ಒಂದು ಪಾತ್ರವನ್ನು ಪ್ರೀತಿಸುವುದು ಮತ್ತು ಪ್ರಶ್ನಿಸುವುದು ಎರಡೂ ಒಟ್ಟಿಗೆ ಆಗುತ್ತವೆ. ಮನೆಯಲ್ಲಿ ನಾವು ದಿನಾ ಮಾಡುವುದೂ ಅದನ್ನೇ.

ಇನ್ನು ಅಂಕಗಳ ಮಾತು. ಉತ್ತರಕ್ಕೆ ಇಂತಿಂಥ ಅಂಶ ಬಂದಿರಬೇಕೆಂದು ಮೌಲ್ಯಮಾಪಕರಿಗೆ ಪಟ್ಟಿ ಇರುತ್ತದೆ. ಅವರಿಗೂ ದಿನಕ್ಕೆ ಇಷ್ಟು ಪತ್ರಿಕೆ ಮುಗಿಸುವ ಅವಸರ. ತಾಯಂದಿರ ಹೆದರಿಕೆಯಲ್ಲಿ ಅರ್ಥವಿದೆ. ಆದರೆ ಆಧಾರ ಕೊಟ್ಟು ಬರೆದ ಉತ್ತರದಲ್ಲಿ ಆ ಅಂಶಗಳು ತಾವಾಗಿಯೇ ಬರುತ್ತವೆ, ಯಾಕೆಂದರೆ ಅವೂ ಪಾಠದಿಂದಲೇ ಬಂದವು. 100 ಪದದ ಉತ್ತರಕ್ಕೆ ನಾನು ಹೇಳಿಕೊಡುವ ಅಳತೆ ಇಷ್ಟು. ಒಂದು ವಾಕ್ಯದಲ್ಲಿ ತನ್ನ ಮಾತು, ಮೂರು ವಾಕ್ಯದಲ್ಲಿ ಪಾಠದೊಳಗಿನ ಆಧಾರ, ಎರಡು ವಾಕ್ಯದಲ್ಲಿ ಆ ಆಧಾರದ ಅರ್ಥ, ಒಂದು ವಾಕ್ಯದಲ್ಲಿ ಎದುರು ಮಾತಿಗೆ ಉತ್ತರ. 200 ಪದವಾದರೆ ಆಧಾರ ಎರಡಾಗುತ್ತದೆ, ಅಷ್ಟೇ. ಕಥೆಯೊಳಗೆ ನಡೆಯುವುದನ್ನು ಹೇಳುವಾಗ ವರ್ತಮಾನ ಕಾಲದ ಕ್ರಿಯಾಪದ, ಚಿಕ್ಕ ಚಿಕ್ಕ ವಾಕ್ಯ. ಗೊತ್ತಿಲ್ಲದ ದೊಡ್ಡ ಪದ ತಂದು ಕಾಲು ಮುರಿದುಕೊಳ್ಳುವುದಕ್ಕಿಂತ ಗೊತ್ತಿರುವ ಸಣ್ಣ ಪದ ಲೇಸು.

ಭಾಷೆಯ ಬಗ್ಗೆಯೂ ಒಂದು ಮಾತು. ಔರಾದ್ ನಮ್ಮ ರಾಜ್ಯದ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಲ್ಲಿಯ ಮಗು ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡ ಕಲಿಯುತ್ತದೆ, ಬಜಾರಿನಲ್ಲಿ ಉರ್ದು ಕೇಳಿಸಿಕೊಳ್ಳುತ್ತದೆ, ಆಮೇಲೆ ಇಂಗ್ಲಿಷಿಗೆ ಬರುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದೇ ಸಂಗತಿಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದರೆ ಅರ್ಥ ಸ್ವಲ್ಪ ಸ್ವಲ್ಪ ಹೊರಳುತ್ತದೆಂದು ಆ ಮಗುವಿಗೆ ಆಗಲೇ ಗೊತ್ತಿದೆ, ಮತ್ತು ವಿಮರ್ಶೆಗೆ ಬೇಕಾದ ಮೊದಲ ಗುಣ ಅದೇ. ಮೊದಲು ತನ್ನ ಮಾತಿನಲ್ಲಿ ವಿಚಾರ ಮಾಡಿ, ಜಗಳಾಡಿ, ತೀರ್ಮಾನಕ್ಕೆ ಬರಲಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ವಿಚಾರ ಗಟ್ಟಿಯಿದ್ದರೆ ಮುರುಕು ಇಂಗ್ಲಿಷನ್ನು ತಿದ್ದಬಹುದು. ವಿಚಾರವೇ ಇಲ್ಲದ ಕಡೆ ತಿದ್ದಲು ಏನೂ ಇರುವುದಿಲ್ಲ.

"ನಮಗ ಇಂಗ್ಲಿಷ್ ಬರಲ್ಲರಿ ಮೇಡಂ, ಮಕ್ಕಳಿಗಿ ಹೆಂಗ ಹೇಳಿಕೊಡಬೇಕ್ರಿ?" ಎಂದು ಪಾಲಕರ ಸಭೆಯಲ್ಲಿ ತಾಯಂದಿರು ಕೇಳುತ್ತಾರೆ. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು. ರೊಟ್ಟಿ ಬಡಿಯುತ್ತ ಕೇಳಬಹುದು. ಮಗಳು ಕಥೆಯನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಹೇಳಲಿ. ಮೊದಲ ಪ್ರಶ್ನೆ: ನಿಂಗೇನು ಅನಿಸ್ತು? ಎರಡನೆಯದು: ಹಂಗ ಅಂತ ಎಲ್ಲಿ ಬರದಾರ, ತೋರ್ಸು. ಮೂರನೆಯದು: ಹಂಗಲ್ಲ ಅಂತ ಯಾರರ ಅಂದ್ರ ಏನಂತಿ? ಮೂರಕ್ಕೂ ಉತ್ತರ ಹೇಳಿದ ಹುಡುಗಿಯ ಪ್ರಬಂಧ ಅರ್ಧ ಮುಗಿದಂತೆ. ಫೋನು ಬರೆದುಕೊಟ್ಟದ್ದನ್ನು ಇಳಿಸಿಕೊಂಡವಳು ಎರಡನೆಯ ಪ್ರಶ್ನೆಗೇ ತಡವರಿಸುತ್ತಾಳೆ.

ಯಾಕೆ ತಾನೇ ಕೂತು ಬರೆಯಬೇಕು ಎಂಬುದಕ್ಕೆ ನನ್ನ ಉತ್ತರ ಇಲ್ಲಿದೆ. ಈ ಹುಡುಗಿಯರು ನಾಳೆ ಅನೇಕ ಕಾಗದಗಳ ಮುಂದೆ ಕೂರುತ್ತಾರೆ. ಸಂಘದ ಸಾಲದ ಕಾಗದ, ಆಸ್ಪತ್ರೆಯ ಒಪ್ಪಿಗೆ ಪತ್ರ, ನೌಕರಿಯ ಕರಾರು. 2005ರ ಕಾಯಿದೆ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸರಿಸಮ ಹಕ್ಕು ಬಂದಿದೆ. ಹಾಗೆಂದೇ ಎಷ್ಟೋ ಮನೆಗಳಲ್ಲಿ ಹಕ್ಕು ಬಿಡುಗಡೆಯ ಪತ್ರವೂ ತಯಾರಾಗುತ್ತದೆ. "ಸುಮ್ಮ ಒಂದ್ ಸಹಿ ಮಾಡವ್ವ, ನಮ್ಮವರೇ ಅದೀವಿ" ಎನ್ನುತ್ತಾರೆ. ಸಹಿ ಆಕೆಯದಾಗುತ್ತದೆ, ಮಾತು ಬೇರೆಯವರದಾಗಿರುತ್ತದೆ. ಬಿಟ್ಟುಕೊಡುವುದೂ ಇಟ್ಟುಕೊಳ್ಳುವುದೂ ಆಕೆಯ ಇಷ್ಟ. ಆದರೆ ಕಾಗದವನ್ನು ಕೈಗೆ ತೆಗೆದುಕೊಂಡು, "ಸ್ವಲ್ಪ ನಿಲ್ರಿ, ಓದ್ತೀನಿ. ಇದು ಎಲ್ಲಿ ಬರದದ ತೋರ್ಸ್ರಿ" ಎನ್ನುವ ಗಂಟಲು ಆಕೆಗಿರಬೇಕು. ಆ ಗಂಟಲು ಒಮ್ಮೆಲೇ ಬರುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, ಒಂದು ಸಣ್ಣ ಕಥೆಯ ಮುಂದೆ ಕೂತು ಅದನ್ನು ರೂಢಿಮಾಡಿಕೊಳ್ಳಬೇಕು.